ಖಾಲಿ ಎಂದು ಬರೆದ ಮರಳು

ಡಚ್ಚರ ನಾಡಿನ ಲೈಡನ್‌ನಲ್ಲಿ, ಗ್ರಂಥಾಲಯವೊಂದರಲ್ಲಿ ನನ್ನ ಕೆಲಸ ಹಳೆಯ ನಕ್ಷೆಗಳಿಗೆ ವಿವರಣೆ ಬರೆಯುವುದು. ಸ್ಕ್ಯಾನ್ ಮಾಡುವವರು ಬೇರೆ. ನಕ್ಷೆಯಲ್ಲಿರುವ ಊರು, ಹೊಳೆ, ದಾರಿ, ಬೆಳೆಗಳನ್ನು ಓದಿ ಕಂಪ್ಯೂಟರಿನ ಕಾಲಂಗಳಲ್ಲಿ ತುಂಬುವವಳು ನಾನು. ಹೆಚ್ಚಿನವು ಡಚ್ಚರು ಆಳುತ್ತಿದ್ದ ಕಾಲದಲ್ಲಿ ಜಾವಾದಲ್ಲಿ ಅಳೆದು ಬರೆಸಿದವು. ಆರು ವರ್ಷ ಈ ಕೆಲಸ ಮಾಡಿದ ಮೇಲೂ ನಾನು ಜಾವಾ ನೋಡಿರಲಿಲ್ಲ. ಗದ್ದೆಗೆ ತೆಳು ಹಸಿರು, ಮರಳಿಗೆ ಚುಕ್ಕಿ ಎನ್ನುವುದಷ್ಟೇ ಗೊತ್ತಿತ್ತು.

ಆ ವರ್ಷ ಏಪ್ರಿಲ್‌ನಲ್ಲಿ ಗೆಳತಿಯೊಬ್ಬಳು ತನ್ನ ಅಪ್ಪನನ್ನು ನಮ್ಮ ಓದುವ ಕೋಣೆಗೆ ಕರೆದುಕೊಂಡು ಬಂದಳು. ಅವಳು ಜಾವಾದವಳು, ಲೈಡನ್‌ನ ಇನ್ನೊಂದು ತುದಿಯ ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ಶನಿವಾರದ ಡಚ್ ಕ್ಲಾಸಿನಲ್ಲಿ ಪಕ್ಕಪಕ್ಕ ಕೂತು ಒಂದೇ ಥರದ ತಪ್ಪು ಮಾಡುತ್ತ ನಮಗೆ ಪರಿಚಯವಾಗಿತ್ತು. ಅವಳ ಪಿಎಚ್‌ಡಿ ಮುಗಿಯುವ ಸಮಾರಂಭಕ್ಕೆಂದು ಅಪ್ಪ ಬಂದಿದ್ದರು. ಎಪ್ಪತ್ತರ ಹತ್ತಿರದ ಸಣ್ಣ ಆಳು. ಮಗಳ ದಪ್ಪ ಕೋಟು ತೊಟ್ಟಿದ್ದರು, ತೋಳು ಎರಡು ಮಡಿಕೆ ಮಡಚಿತ್ತು. ಅವರನ್ನು ‘ಪಾಕ್’ ಅಂತ ಕರೆದರೆ ಸಾಕು, ನಿಮ್ಮಲ್ಲಿ ಅಪ್ಪ ಅಂದ ಹಾಗೆ ಎಂದು ಗೆಳತಿ ಮೊದಲೇ ಹೇಳಿಕೊಟ್ಟಿದ್ದಳು. ನನಗೆ ಅವರ ಭಾಷೆ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಮಾತೆಲ್ಲ ಮಗಳ ಮೂಲಕವೇ.

ಅವರಿಗೆ ಬೇಕಾಗಿದ್ದದ್ದು ತಮ್ಮ ಊರಿನ ಹಳೆಯ ನಕ್ಷೆ. ಊರು ಜಾವಾದ ದಕ್ಷಿಣ ಕರಾವಳಿಯಲ್ಲಿದೆ. ಒಳಗಡೆ ಗದ್ದೆ, ಆಮೇಲೆ ಮನೆ ಮತ್ತು ತೆಂಗು, ಅದರಾಚೆ ಸಮುದ್ರದವರೆಗೂ ಮರಳು. ಆ ಮರಳಿನಲ್ಲಿ ಅವರು ಮೆಣಸಿನಕಾಯಿ ಮತ್ತು ಕಲ್ಲಂಗಡಿ ಬೆಳೆಯುತ್ತಾರೆ. ಅಜ್ಜನ ಕಾಲದಲ್ಲಿ ಗೆಣಸು, ಶೇಂಗಾ ಹಾಕುತ್ತಿದ್ದರಂತೆ. ಈಗ ಸರ್ಕಾರದವರು ಊರಿನ ಭೂಮಿಯನ್ನೆಲ್ಲ ಹೊಸದಾಗಿ ಅಳೆಯುತ್ತಿದ್ದಾರೆ. ಮರಳಿಗೆ ಯಾರ ಹತ್ತಿರವೂ ಕಾಗದವಿಲ್ಲ. ಹಳೆಯ ನಕ್ಷೆಯಲ್ಲೂ ಅದು ಖಾಲಿ ಜಾಗವೇ, ನೀವು ನಿನ್ನೆ ಮೊನ್ನೆ ಬಂದವರು ಎಂದು ಅಳೆಯಲು ಬಂದವರು ಹೇಳಿದ್ದರು. ಆ ನಕ್ಷೆಯ ಮೂಲ ಲೈಡನ್‌ನಲ್ಲಿರಬಹುದು ಎಂದು ಮಗಳು ಫೋನಿನಲ್ಲಿ ತಿಳಿಸಿದ್ದಳು. ಅದರಲ್ಲಿ ಮರಳಿನ ಬಾವಿಗಳ ಗುರುತು ಸಿಕ್ಕರೆ ಸಾಕು, ಆಗಲೂ ಅಲ್ಲಿ ಬೆಳೆಯಿತ್ತೆಂದು ತೋರಿಸಬಹುದು ಎನ್ನುವುದು ಅವರ ಲೆಕ್ಕ.

ನಾನು ಹಾಳೆ ತಂದು ಮೇಜಿನ ಮೇಲೆ ಹರಡಿದೆ. ಅವರು ಎದ್ದು ಹೋಗಿ ಕೈ ತೊಳೆದು, ಒರೆಸಿಕೊಂಡು ಬಂದರು. ಆದರೂ ಮುಟ್ಟಲಿಲ್ಲ, ಬೆರಳನ್ನು ಕಾಗದಕ್ಕಿಂತ ಒಂದಿಂಚು ಮೇಲೆ ಹಿಡಿದು ನಕ್ಷೆಯ ದಾರಿಗುಂಟ ಸರಿಸುತ್ತ ಬಂದರು. ಹೊಳೆ, ಸೇತುವೆ, ಸ್ಮಶಾನ, ಅಜ್ಜನ ಮನೆಯಿದ್ದ ಕೇರಿ ಎಲ್ಲವೂ ಸಿಕ್ಕವು. ಆಮೇಲೆ ಬೆರಳು ಚುಕ್ಕಿಗಳ ಮೇಲೆ ಬಂದು ನಿಂತಿತು. ಇಲ್ಲಿ ಏನು ಬರೆದಿದೆ ಎಂದು ಕೇಳಿದರು.

ಅಲ್ಲಿದ್ದದ್ದು ಒಂದೇ ಡಚ್ ಶಬ್ದ. ಪಾಳು, ಖಾಲಿ, ಯಾರೂ ಉಳದ್ದು ಎಂದೆಲ್ಲ ಅರ್ಥ. ಆ ಶಬ್ದವನ್ನು ನಾನು ಆರು ವರ್ಷದಲ್ಲಿ ಎಷ್ಟು ಸಲ ಟೈಪ್ ಮಾಡಿದ್ದೆನೋ ಗೊತ್ತಿಲ್ಲ. ಅರ್ಥ ಹೇಳಿದೆ. ಮಗಳು ಅದನ್ನು ಜಾವಾ ಭಾಷೆಗೆ ತಿರುಗಿಸಿದಳು. ಭೂತಗನ್ನಡಿ ಹಿಡಿದು ನಾನು ಬಾವಿಯ ಗುರುತು ಹುಡುಕಿದೆ. ಕೇರಿಯೊಳಗೆ ಮೂರಿದ್ದವು. ಮರಳಿನಲ್ಲಿ ಒಂದೂ ಇರಲಿಲ್ಲ.

ಅವರು ಬೇಸರವನ್ನೇನೂ ತೋರಿಸಲಿಲ್ಲ. ಒಂದು ಮಾತು ಕೇಳಿದರು.

“ಇದನ್ನ ಬರೆದವರು ಯಾವ ತಿಂಗಳಲ್ಲಿ ಬಂದಿದ್ರಂತೆ?”

ನಕ್ಷೆಯ ಅಂಚಿನಲ್ಲಿ ವರ್ಷವಿತ್ತು, ತಿಂಗಳಿರಲಿಲ್ಲ. ತಿಂಗಳು ಯಾಕೆ ಬೇಕು ಎಂದು ಕೇಳಿದೆ. ಮಳೆಗಾಲ ಮುಗಿದ ಮೇಲೆ ಅಜ್ಜನ ಕಾಲದವರು ಮರಳನ್ನು ಹಾಗೇ ಬಿಟ್ಟು ಒಳಗಿನ ಗದ್ದೆ ಕೆಲಸಕ್ಕೆ ಹೋಗುತ್ತಿದ್ದರು ಎಂದರು. ಬಾವಿ ಅಂದರೆ ಕಲ್ಲು ಕಟ್ಟಿದ್ದಲ್ಲ. ಒಂದಾಳು ಆಳ ತೋಡಿದರೆ ಸಿಹಿನೀರು ಬರುವ ಗುಂಡಿ ಅಷ್ಟೇ. ಒಣಗಾಳಿ ಬೀಸಿ ಹೆಚ್ಚಿನವು ಮುಚ್ಚಿಹೋಗುತ್ತವೆ, ಮಳೆ ಬಂದಾಗ ಮತ್ತೆ ತೋಡುತ್ತಾರೆ. ಆ ಹೊತ್ತಿನಲ್ಲಿ ಬಂದು ನೋಡಿದವರಿಗೆ ಖಾಲಿಯಾಗಿಯೇ ಕಂಡಿರುತ್ತದೆ.

ನನಗೆ ಅದು ಅರ್ಥವಾಗಲು ಕಷ್ಟವಾಗಲಿಲ್ಲ. ನಾನು ಅಂಕೋಲೆ ಕಡೆಯವಳು. ನಮ್ಮಲ್ಲಿ ಮರಳಿಗೆ ಹೊಯ್ಗೆ ಅನ್ನುತ್ತೇವೆ. ಹೊಯ್ಗೆಯಲ್ಲಿ ಹರಿವೆ, ಗೆಣಸು ಬೆಳೆಸಿ, ಗುಂಡಿಯಿಂದ ಎರಡೆರಡು ಕೊಡ ನೀರು ಎತ್ತಿ ಹಾಕುವ ಹೆಂಗಸರನ್ನು ನೋಡುತ್ತಲೇ ಬೆಳೆದವಳು. ಅಷ್ಟಾಗಿಯೂ ಜಾವಾದ ಚುಕ್ಕಿಗಳನ್ನು ನೋಡಿದಾಗ ಅದು ನೆನಪಾಗಿರಲಿಲ್ಲ.

ತಿಂಗಳು ಗೊತ್ತಾಗಬೇಕಾದರೆ ಅಳತೆಗಾರರು ಜೊತೆಗಿಟ್ಟುಕೊಂಡು ಬರೆಯುತ್ತಿದ್ದ ಕೈಪುಸ್ತಕ ಬೇಕು. ಅವು ನೆಲಮಾಳಿಗೆಯ ಪೆಟ್ಟಿಗೆಗಳಲ್ಲಿದ್ದವು, ಯಾರೂ ಪಟ್ಟಿ ಮಾಡಿರಲಿಲ್ಲ. ನನ್ನ ಮೇಲಧಿಕಾರಿ ನಿವೃತ್ತಿಗೆ ಹತ್ತಿರವಾಗಿದ್ದ ಡಚ್ ಹೆಂಗಸು. ಪಟ್ಟಿಯಾಗದ್ದನ್ನು ಹೊರಗಿನವರಿಗೆ ತೋರಿಸುವ ಹಾಗಿಲ್ಲ ಎಂದರು. ಹಾಗಾದರೆ ನಾನೇ ಪಟ್ಟಿ ಮಾಡುತ್ತೇನೆ ಎಂದೆ. ಊಟದ ಹೊತ್ತಿನಲ್ಲಿ ಮಾಡುವುದಾದರೆ ತಮ್ಮ ಅಡ್ಡಿಯಿಲ್ಲ ಎಂದರು. ಮೂರು ವಾರ ನಾನು ಚಪಾತಿ ಸುತ್ತಿಕೊಂಡು ಹೋಗಿ, ಹತ್ತು ನಿಮಿಷದಲ್ಲಿ ತಿಂದು ಕೆಳಗೆ ಇಳಿಯುತ್ತಿದ್ದೆ. ಪಾಕ್ ದಿನಾ ಬಂದು ಮುಂಬಾಗಿಲ ಹತ್ತಿರದ ಬೆಂಚಿನಲ್ಲಿ ಕೂರುತ್ತಿದ್ದರು. ನಾನು ಮೇಲೆ ಬಂದು ಸಿಗಲಿಲ್ಲವೆಂದು ತಲೆಯಾಡಿಸಿದರೆ, ಅವರೂ ತಲೆಯಾಡಿಸಿ ಮನೆಗೆ ಹೋಗುತ್ತಿದ್ದರು.

ಸಿಕ್ಕಿದ ಪುಸ್ತಕ ಅಂಗೈಯಗಲ ಇತ್ತು, ಪೆನ್ಸಿಲಿನ ಬರಹ. ಆ ಊರಿನ ಅಳತೆ ನಡೆದದ್ದು ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ, ಜಾವಾದಲ್ಲಿ ಅದು ಮಳೆಯಿಲ್ಲದ ಕಡು ಬೇಸಗೆ. ಅದೇ ಪುಟದ ಕೆಳಗೆ ಎರಡು ಸಾಲು ನನಗೆ ಓದಲಾಗಲಿಲ್ಲ. ಮೇಲಧಿಕಾರಿ ಕನ್ನಡಕ ಹಣೆಗೇರಿಸಿ, ಪುಸ್ತಕ ಮೂಗಿನ ಹತ್ತಿರ ಹಿಡಿದು ಓದಿದರು. ಮರಳಿನಲ್ಲಿ ತೆಂಗಿನ ಗರಿ ಮುಚ್ಚಿದ ನೀರಿನ ಗುಂಡಿಗಳಿವೆ. ಮಳೆಯಲ್ಲಿ ಊರವರು ಗೆಣಸು ನೆಡುತ್ತಾರೆಂದು ಊರಿನ ಮುಖ್ಯಸ್ಥ ಹೇಳುತ್ತಾನೆ. ನಕ್ಷೆಯಲ್ಲಿ ತೋರಿಸಲು ಸಣ್ಣವು.

ಅಂದರೆ ಅಳತೆಗಾರ ನೋಡಿದ್ದ. ನೋಡಿ, ಸಣ್ಣವು ಎಂದು ಬಿಟ್ಟಿದ್ದ.

ಗೆಳತಿ ಅದನ್ನು ಅಪ್ಪನಿಗೆ ಹೇಳಿದಾಗ ನಾನು ಎದುರಿಗಿದ್ದೆ. ಅವರು ಎರಡು ಸಲ ಹೇಳಿಸಿದರು. ಆಮೇಲೆ, ಗರಿ ಮುಚ್ಚುವುದು ಹಾವು ಬೀಳಬಾರದು ಅಂತ, ಈಗಲೂ ಮುಚ್ಚುತ್ತೇವೆ ಎಂದರು. ಮೇಲಧಿಕಾರಿ ಆ ಪುಟದ ಪ್ರತಿ ಮಾಡಿಸಿ, ಮೊಹರು ಹಾಕಿ ಸಹಿ ಮಾಡಿಕೊಟ್ಟರು. ಪಾಕ್ ಅದನ್ನು ಎರಡು ರಟ್ಟಿನ ನಡುವೆ ಇಟ್ಟು, ಬಟ್ಟೆ ಸುತ್ತಿ, ವಿಮಾನದಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದರಂತೆ.

ಮುಂದಿನದು ಗೆಳತಿಯ ಮೆಸೇಜುಗಳಿಂದ ಗೊತ್ತಾದದ್ದು. ಅವಳೂ ಊರಿಗೆ ಮರಳಿ ಹತ್ತಿರದ ಪಟ್ಟಣದಲ್ಲಿ ಕೆಲಸ ಹಿಡಿದಿದ್ದಳು. ಅಳತೆ ಕಚೇರಿಯವರು ಕಾಗದ ತೆಗೆದುಕೊಂಡರು, ಮೂರು ಸಭೆ ಕರೆದರು. ಒಂದು ವರ್ಷದ ಮೇಲೆ ಮರಳನ್ನು ಉದ್ದಕ್ಕೆ ಎರಡು ಮಾಡಿದರು. ಊರಿಗೆ ತಾಗಿದ ಅರ್ಧ ಊರವರ ಸಾಗುವಳಿ ಎಂದು ದಾಖಲಾಯಿತು. ಸಮುದ್ರಕ್ಕೆ ತಾಗಿದ ಅರ್ಧ ಸರ್ಕಾರದ್ದೇ ಎಂದಾಯಿತು. ಪಾಕ್ ಅವರ ಹೊಲ ಸಮುದ್ರದ ಕಡೆ ಇತ್ತು.

ಕಳೆದ ವರ್ಷ ರಜೆ ಹಾಕಿ ನಾನು ಆ ಊರಿಗೆ ಹೋದೆ. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೋದೆ. ಗೆಳತಿ ಬಸ್ ನಿಲ್ದಾಣದಿಂದ ಸ್ಕೂಟರಿನಲ್ಲಿ ಕೂರಿಸಿಕೊಂಡು ನೇರ ಮರಳಿಗೇ ಕರೆದುಕೊಂಡು ಹೋದಳು. ಸಮುದ್ರದ ಗಾಳಿ ತಡೆಯಲು ನೆಟ್ಟ ಗಾಳಿಮರಗಳ ಸಾಲಿನ ಹಿಂದೆ ಮೆಣಸಿನ ಗಿಡಗಳು ಮೊಣಕಾಲೆತ್ತರ ನಿಂತಿದ್ದವು. ಗಿಡದ ಬುಡಕ್ಕೆ ಭತ್ತದ ಹುಲ್ಲು, ಅದರಡಿಗೆ ಸಗಣಿ ಗೊಬ್ಬರ. ಪಾಕ್ ಎರಡು ಕೈಯಲ್ಲಿ ಎರಡು ನೀರಿನ ಡಬ್ಬಿ ಹಿಡಿದು, ಎರಡು ಸಾಲಿನ ನಡುವೆ ನಡೆಯುತ್ತ ಒಟ್ಟಿಗೆ ನೀರು ಹಾಕುತ್ತಿದ್ದರು. ಕೋಟಿಲ್ಲದೆ ನೋಡಿದಾಗ ಅವರು ಲೈಡನ್‌ನಲ್ಲಿ ಕಂಡದ್ದಕ್ಕಿಂತ ದೊಡ್ಡ ಆಳು ಅನಿಸಿತು.

ಒಳಗಿನ ಅರ್ಧದವರು ಸೇರಿ, ಹೊರಗಿನ ಅರ್ಧದವರಿಗೆ ತಲಾ ನಾಲ್ಕು ಪಾತಿ ಬಿಟ್ಟುಕೊಡುವುದು ಎಂದು ಮಾತಾಡಿಕೊಂಡಿದ್ದರು. ಪಾಕ್ ತಮ್ಮ ಪಾಲಿನ ಪಾತಿಗಳನ್ನು ವಿಧವೆ ತಂಗಿಗೆ ಕೊಟ್ಟು, ತಾವು ಸಮುದ್ರದ ಕಡೆಯೇ ಉಳಿದಿದ್ದರು. ಸರ್ಕಾರದವರು ಎಬ್ಬಿಸಿದರೆ ಏನು ಮಾಡುತ್ತೀರಿ ಎಂದು ಕೇಳಿದೆ.

“ಎಬ್ಬಿಸಿದ ದಿನ ಏಳ್ತೀನಿ. ಈ ಮರಗಳು ಇಷ್ಟೆತ್ತರ ಆಗೋಕೆ ಏಳು ವರ್ಷ ಹಿಡೀತು. ಇವು ಇಲ್ಲಿರೋವಾಗ ನಾನು ಅಲ್ಲಿ ಹೋಗಿ ಏನು ಮಾಡಲಿ?”

ನಾಲ್ಕು ದಿನ ಇದ್ದೆ. ಮೂರನೆಯ ದಿನ ತಂಗಿಯ ಪಾತಿಯಲ್ಲಿ ಸಸಿ ನೆಡುವ ಕೆಲಸವಿತ್ತು. ನನಗೂ ಒಂದು ಸಾಲು ಬಿಟ್ಟುಕೊಟ್ಟರು. ಆ ತಂಗಿ ನನ್ನ ಹಿಂದೆಯೇ ಕುಕ್ಕರಗಾಲಿನಲ್ಲಿ ಬರುತ್ತ, ನಾನು ಆಳವಾಗಿ ಹೂತ ಸಸಿಗಳನ್ನು ಬೆರಳಿನಿಂದ ಸ್ವಲ್ಪ ಸ್ವಲ್ಪ ಮೇಲೆತ್ತಿ ಸರಿ ಮಾಡಿದಳು. ಬೆನ್ನು ನೋವಿಗೆ ನಾನು ಎದ್ದು ನಿಂತಾಗ ಅವಳು ನಕ್ಕಳು, ಕೈ ಹಿಡಿದು ನೆರಳಿಗೆ ಕೂರಿಸಿದಳು.

ಮರುದಿನ ಬೆಳಿಗ್ಗೆ ನಾನು ಬಸ್ ಹತ್ತುವಾಗ ಗೆಳತಿಯೊಬ್ಬಳೇ ಬಂದಿದ್ದಳು. ಪಾಕ್ ಬರಲಿಲ್ಲ. ಅದು ನೀರು ಹಾಕುವ ಹೊತ್ತು.