ಟೆಂಪೋ ಹಿಂದಿನ ಪ್ರಾರ್ಥನೆ

ನಮ್ಮ ಯಜಮಾನರು ಗಣಿತದ ಮೇಷ್ಟ್ರು. ಕೋಲಾರದ ಮಕ್ಕಳಿಗೆ ಜೀವಮಾನವಿಡೀ ಲೆಕ್ಕ ಹೇಳಿಕೊಟ್ಟು ನಿವೃತ್ತರಾದರು. ನಾನು ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಅವರಿಗಿಂತ ಸ್ವಲ್ಪ ಮೊದಲೇ ಮನೆ ಸೇರಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಇನ್ನಾದರೂ ಬೆಳಗಿನ ಕಾಫಿಯನ್ನು ಕೂತು ಕುಡಿಯಬಹುದು ಎಂದುಕೊಳ್ಳುವಷ್ಟರಲ್ಲಿ ನಮ್ಮ ಚರ್ಚಿನ ಹಿರಿಯರು ಮನೆಗೆ ಬಂದರು. ಮುಳಬಾಗಿಲು ದಾಟಿ ನಂಗಲಿ ಕಡೆಗೆ ಹೋದರೆ ಒಂದು ಹಳ್ಳಿ, ಅಲ್ಲಿ ಎಂಟೊಂಬತ್ತು ಮನೆಗಳ ಸಣ್ಣ ಸಭೆ, ಹೋಗಲು ಯಾವ ಪಾದ್ರಿಯೂ ಒಪ್ಪುತ್ತಿಲ್ಲ, ನೀವಿಬ್ಬರೂ ಸ್ವಲ್ಪ ದಿನ ಅಲ್ಲಿದ್ದು ನೋಡಿಕೊಳ್ಳಿ ಎಂದರು. ನಾನು ಬಾಯಿ ತೆರೆಯುವ ಮೊದಲೇ ಇವರು "ಆಗಲಿ" ಅಂದುಬಿಟ್ಟರು. ಆ ಸಿಟ್ಟು, ಸಾಮಾನು ಕಟ್ಟಿ ಮುಗಿಸುವವರೆಗೂ ನನ್ನ ಮೂಗಿನ ತುದಿಯಲ್ಲೇ ಇತ್ತು.

ಶೀಟು ಹೊದಿಸಿದ ಪ್ರಾರ್ಥನಾ ಮಂದಿರ, ಅದರ ಬೆನ್ನಿಗೆ ಅಂಟಿಕೊಂಡಂತೆ ನಮಗೆ ಎರಡು ಕೋಣೆ, ಎದುರಿಗೆ ಒಂದು ಹೊಂಗೆಮರ. ಅಲ್ಲಿ ನನಗೆ ಅರ್ಥವಾದದ್ದಕ್ಕಿಂತ ಆಗದೇ ಉಳಿದದ್ದೇ ಹೆಚ್ಚು. ಜನ ಕನ್ನಡ ಸತ್ಯವೇದ ಓದುತ್ತಿದ್ದರು, ತೆಲುಗಿನಲ್ಲಿ ಹಾಡುತ್ತಿದ್ದರು, ಜಗಳ ಮಾತ್ರ ಎರಡರಲ್ಲೂ ಆಡುತ್ತಿದ್ದರು. ಭಾನುವಾರ "ಬರ್ತೀವಮ್ಮಾ" ಅಂದವರು ಬರುತ್ತಿರಲಿಲ್ಲ, ಬರಲ್ಲ ಅಂದವರು ಮೊದಲೇ ಬಂದು ಚಾಪೆ ಹಾಸಿಕೊಂಡು ಕೂತಿರುತ್ತಿದ್ದರು. ಒಂದೇ ಮನೆಯಲ್ಲಿ ಮಗ ಸೊಸೆ ನಮ್ಮ ಸಭೆಯವರು, ತಾಯಿ ದೇವರ ಗೂಡಿನ ಮುಂದೆ ದೀಪ ಹಚ್ಚುವವಳು, ಮೂವರೂ ಒಂದೇ ಪಾತ್ರೆಯ ಮುದ್ದೆ ಉಣ್ಣುವವರು. ಗಣೇಶನ ಹಬ್ಬಕ್ಕೆ ನಮ್ಮ ಮನೆಗೆ ಕಡುಬು ಬರುತ್ತಿತ್ತು, ಕ್ರಿಸ್‌ಮಸ್ಸಿಗೆ ನಾನು ಕರ್ಜಿಕಾಯಿ ಕಳಿಸುತ್ತಿದ್ದೆ. ನಮ್ಮ ಯಜಮಾನರಿಗೆ ಇದು ತಲೆಬುಡ ತಿಳಿಯಲಿಲ್ಲ. ಅವರಿಗೆ ಯಾರೇ ಆಗಲಿ ಈ ಕಡೆ ಇರಬೇಕು, ಇಲ್ಲ ಆ ಕಡೆ ಇರಬೇಕು.

ತಾಯಿ ದೀಪ ಹಚ್ಚುತ್ತಿದ್ದ ಆ ಮನೆಯ ಮಗನನ್ನು ಊರವರ ಹಾಗೆ ನಾನೂ ಡ್ರೈವರಪ್ಪ ಎಂದೇ ಕರೆಯುತ್ತಿದ್ದೆ. ಯಾರದೋ ಗಾಡಿಯಲ್ಲಿ ಟೊಮೆಟೊ ಹೇರಿಕೊಂಡು ಕೋಲಾರದ ಮಂಡಿಗೆ ಹೋಗುವುದು ಅವನ ಕೆಲಸ. ನಾವು ಹೋದ ವರ್ಷವೇ ನಂಗಲಿ ಹತ್ತಿರ ಆ ಗಾಡಿ ಮಗುಚಿ ಅವನ ಕಾಲು ಮುರಿಯಿತು. ಕಾಲು ಕೂಡಿಕೊಂಡರೂ ಸ್ವಲ್ಪ ಕುಂಟು ಉಳಿಯಿತು, ಗಾಡಿಯವರು ಬೇರೆ ಡ್ರೈವರನ್ನು ಇಟ್ಟುಕೊಂಡರು. ಸ್ಟೇರಿಂಗ್ ಬಿಟ್ಟರೆ ಬೇರೇನೂ ಬಾರದ ಆ ಮನುಷ್ಯ ಇನ್ನೊಬ್ಬರ ಹೊಲದಲ್ಲಿ ಟೊಮೆಟೊ ಕೀಳುತ್ತಾ ವರ್ಷ ಕಳೆದ. ಕೊನೆಗೆ ಶ್ರೀನಿವಾಸಪುರದ ಮಾವಿನ ವ್ಯಾಪಾರಿಯೊಬ್ಬರು ಮಾರಲಿಟ್ಟಿದ್ದ ಹಳೇ ಟೆಂಪೋವನ್ನು ಹೇಗೋ ಮಾಡಿ ಕೊಂಡುಕೊಂಡ. ಅವನ ಹೆಂಡತಿ ಮಾತ್ರ ಗಂಡನಿಂದ ಮೊದಲೇ ಮಾತು ತೆಗೆದುಕೊಂಡಿದ್ದಳು. ಅಯ್ಯನವರು, ಅಂದರೆ ನಮ್ಮ ಯಜಮಾನರು, ಪ್ರಾರ್ಥನೆ ಮಾಡದೆ ಆ ಗಾಡಿಯ ಚಕ್ರ ಒಂದು ಸುತ್ತೂ ಹೊಲದ ಕಡೆ ಉರುಳಕೂಡದು.

ಪ್ರಾರ್ಥನೆಯ ದಿನ ಸಭೆಯವರೆಲ್ಲ ಹೊಂಗೆಮರದ ಕೆಳಗೆ ಸೇರಿದ್ದರು. ಟೆಂಪೋ ಬಂತು. ಇವರು ಬಿಳಿ ಅಂಗಿ ತೊಟ್ಟು, ಪುಸ್ತಕ ಹಿಡಿದು, ಮುಖ ಅರಳಿಸಿಕೊಂಡು ಹೊರಗೆ ಬಂದರು. ಬಂದವರು ಹಾಗೇ ನಿಂತರು. ಗಾಡಿಯ ಹಣೆಗೆ ಅರಿಶಿನ ಕುಂಕುಮ, ಚೆಂಡುಹೂವಿನ ಹಾರ, ಬಂಪರಿಗೆ ನಿಂಬೆಹಣ್ಣು.

"ಇದೇನಪ್ಪಾ ಇದು?"

"ಕುರುಡುಮಲೆ ಗಣಪ್ಪನ ಗುಡಿಗೆ ಹೋಗ್ಬಂದ್ವಿ ಅಯ್ಯಾ. ಕಾಲು ಮುರಿದಾಗ ಅಮ್ಮ ಹರಕೆ ಹೊತ್ಕೊಂಡಿದ್ಳು."

"ತೊಳ್ಕೊಂಡು ಬಾ. ಮಾಡೋಣ."

ಡ್ರೈವರಪ್ಪ ತಾಯಿಯ ಕಡೆ ನೋಡಿದ. ಆ ಮುದುಕಿ ಮರದ ಬುಡದಲ್ಲಿ ನಿಂತಿದ್ದಳು. "ಗಣಪ್ಪನ ಕುಂಕುಮ ತೊಳೆದ ಗಾಡಿ ಹತ್ತಿದ್ರೆ ನಾನು ಅನ್ನ ಮುಟ್ಟಲ್ಲ ಕಣೋ" ಎಂದಳು. ಇವರು ಪುಸ್ತಕ ಮುಚ್ಚಿದರು. "ಹಾಗಾದ್ರೆ ಪ್ರಾರ್ಥನೆ ಆಗಲ್ಲ." ಆಗ ಡ್ರೈವರಪ್ಪನ ಹೆಂಡತಿ ಮುಂದೆ ಬಂದಳು. "ಪ್ರಾರ್ಥನೆ ಇಲ್ದೆ ಗಾಡಿ ತೆಗೆಯಂಗಿಲ್ಲ. ಅವತ್ತೇ ಹೇಳಿದೀನಿ."

ಡ್ರೈವರಪ್ಪ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು, ಗಾಡಿಯನ್ನು ಅಲ್ಲೇ ಬಿಟ್ಟು, ಕುಂಟುತ್ತಾ ಮನೆಗೆ ನಡೆದುಹೋದ.

ಗಾಡಿ ನಮ್ಮ ಬಾಗಿಲಲ್ಲೇ ನಿಂತಿತು. ಹಾಲಿಗೆ ಹೋಗಲು ಬಾಗಿಲು ತೆಗೆದರೆ ಟೆಂಪೋ, ಕಸ ಹಾಕಲು ಹೋದರೆ ಟೆಂಪೋ. ಹಾರ ಬಾಡಿತು, ನಿಂಬೆಹಣ್ಣು ಒಣಗಿತು. ಹೊಲಗಳಲ್ಲಿ ಟೊಮೆಟೊ ಕೆಂಪಗಾಗಿ ನಿಂತಿತ್ತು, ಬೇರೆಯವರ ಗಾಡಿಗಳು ಕೋಲಾರಕ್ಕೆ ಓಡಾಡುತ್ತಿದ್ದವು. ಡ್ರೈವರಪ್ಪ ಮತ್ತೆ ಕೂಲಿಗೆ ಹೋದ. ಅವನ ಸುಗ್ಗಿ ನಮ್ಮ ಹೊಂಗೆಮರದ ಕೆಳಗೆ ಸುಮ್ಮನೆ ನಿಂತು ಹಾಳಾಗುತ್ತಿತ್ತು.

ಭಾನುವಾರ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆ. ಎಲ್ಲರೂ ಬಂದರು. ಟೆಂಪೋವನ್ನು ಬಳಸಿಕೊಂಡು ಒಳಗೆ ಬಂದು ಕೂತು, ಹಾಡಿ, ಕೈಮುಗಿದು, ಮತ್ತೆ ಬಳಸಿಕೊಂಡು ಹೋದರು. ಡ್ರೈವರಪ್ಪನ ಹೆಂಡತಿ ಒಂದು ಚೀಲ ಅವರೆಕಾಯಿ ತಂದುಕೊಟ್ಟಳು. ತಾಯಿಯೂ ಬಾಗಿಲವರೆಗೆ ಬಂದು, "ಮೊಣಕಾಲು ನೋವಿಗೆ ಆ ಎಣ್ಣೆ ಇದೆಯಾ ಅಮ್ಮಾ?" ಎಂದು ಕೇಳಿ ಇಸಿದುಕೊಂಡು ಹೋದಳು. ಒಬ್ಬರ ಮುಖದಲ್ಲೂ ಕೋಪವಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಈ ಜನ ನಮ್ಮನ್ನು ಕ್ಷಮಿಸಿದ್ದಾರೋ, ಲೆಕ್ಕದಿಂದಲೇ ಬಿಟ್ಟಿದ್ದಾರೋ, ನಾವೇ ಏನಾದರೂ ಮಾಡುತ್ತೇವೆಂದು ಕಾಯುತ್ತಿದ್ದಾರೋ ಗೊತ್ತಾಗದೆ ನನಗೆ ತಲೆ ಕೆಟ್ಟುಹೋಯಿತು.

ಅವರೆಕಾಯಿ ಸುಲಿಯುತ್ತಾ ಇವರ ಮೇಲೆ ಹರಿಹಾಯ್ದೆ. "ಅಲ್ಲಾ ರೀ, ನಮ್ ದೇವರಿಗೆ ನಿಂಬೆಹಣ್ಣು ಕಂಡ್ರೆ ಭಯಾನಾ?"

"ಭಯದ ಮಾತಲ್ಲ ಕಣೇ. ಎರಡು ಕಡೆ ಕೈ ಇಡೋದು ಸರಿಯಲ್ಲ ಅಂತ ವಾರವಾರ ಹೇಳ್ತಿರೋನು ನಾನು. ಈಗ ನಾನೇ ಹೋಗಿ ಆ ಕುಂಕುಮದ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ಲಾ?"

"ಮತ್ತೆ ಅವನು ಉಪವಾಸ ಬೀಳಲಿ ಅಂತೀರಾ?"

ಇವರು ನನ್ನ ಮುಂದಿನ ರಾಶಿಯಿಂದ ಒಂದು ಅವರೆಕಾಯಿ ತೆಗೆದುಕೊಂಡು ಸುಲಿದರು. ಆಮೇಲೆ, "ನನಗೂ ಗೊತ್ತಾಗ್ತಿಲ್ಲ ಕಣೇ" ಎಂದರು. ಅಷ್ಟು ವರ್ಷ ಸಂಸಾರ ಮಾಡಿದ್ದೆ, ಆ ಮನುಷ್ಯನ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನಾನು ಕೇಳಿರಲಿಲ್ಲ. ಸಿಟ್ಟೆಲ್ಲ ಇಳಿದು ಅಯ್ಯೋ ಅನ್ನಿಸಿತು. ಅವತ್ತು ಸಂಜೆ ಇವರು ಕೈ ಹಿಂದೆ ಕಟ್ಟಿಕೊಂಡು, ಬೋರ್ಡಿನ ಮೇಲಿನ ಕಷ್ಟದ ಲೆಕ್ಕವನ್ನು ನೋಡುವ ಹಾಗೆ, ಟೆಂಪೋ ಸುತ್ತ ತಿರುಗುತ್ತಿದ್ದರು.

ಮರುದಿನ ಬೆಳಗ್ಗೆ ಆ ಮನೆಯವರನ್ನು ಕರೆಸಿದರು. ತಾಯಿ, ಮಗ, ಸೊಸೆ ಬಂದರು, ಅವರ ಹಿಂದೆ ಅರ್ಧ ಊರೇ ಬಂತು. ಇವರು ಗಂಟಲು ಸರಿಮಾಡಿಕೊಂಡು, "ಮುಂದ್ಗಡೆ ನಾನು ನೋಡಲ್ಲ. ಎಲ್ರೂ ಹಿಂದಕ್ಕೆ ಬನ್ನಿ" ಎಂದು ನೇರವಾಗಿ ಟೆಂಪೋದ ಹಿಂಬದಿಗೆ ಹೋಗಿ, ಹಿಂದಿನ ಹಲಗೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಅಷ್ಟು ಉದ್ದದ ಪ್ರಾರ್ಥನೆಯನ್ನು ಇವರು ಯಾವ ಮದುವೆಯಲ್ಲೂ ಮಾಡಿದವರಲ್ಲ. ಬ್ರೇಕು, ಟೈರು, ರಸ್ತೆಯ ತಿರುವು, ಎದುರಿಗೆ ಬರುವ ಲಾರಿಯವನ ನಿದ್ದೆ, ಒಂದನ್ನೂ ಬಿಡಲಿಲ್ಲ. ಸೊಸೆ ಹಿಂದೆ ನಿಂತು ಆಮೆನ್ ಎಂದಳು. ಮುಂದುಗಡೆ ಅತ್ತೆ ಒಬ್ಬಳೇ ಕೈಮುಗಿದು ನಿಂತು ತನ್ನ ಗಣಪ್ಪನಿಗೆ ಅದೇನು ಹೇಳಿದಳೋ. ಡ್ರೈವರಪ್ಪ ಹಿಂದಕ್ಕೂ ಹೋಗಲಾರದೆ ಮುಂದಕ್ಕೂ ಹೋಗಲಾರದೆ ಬಾಗಿಲ ಪಕ್ಕದಲ್ಲಿ, ಸರಿಯಾಗಿ ನಡುವೆ, ತಲೆ ತಗ್ಗಿಸಿ ನಿಂತಿದ್ದ.

ಮಧ್ಯಾಹ್ನ ಟೆಂಪೋ ಟೊಮೆಟೊ ಹೇರಿಕೊಂಡು ಕೋಲಾರಕ್ಕೆ ಹೊರಟಿತು. ಮುಂದಿನ ಭಾನುವಾರದಿಂದ ಪಕ್ಕದ ಹಟ್ಟಿಯ ಮುದುಕಿಯರನ್ನು ಆರಾಧನೆಗೆ ಹತ್ತಿಸಿಕೊಂಡು ಬರುವುದೂ ಅದೇ ಆಯಿತು. ನನಗೆ ಸಂತೋಷವೋ ಸಂತೋಷ. ಇವರಿಗೆ ಮಾತ್ರ ಸಮಾಧಾನವಿಲ್ಲ. ಊಟದ ನಡುವೆ ತುತ್ತು ನಿಲ್ಲಿಸಿ, "ಹಿಂದೆ ಅಂದ್ರೂ ಅದೇ ಗಾಡಿ ಅಲ್ವೇನೇ?" ಎಂದು ಕೇಳುತ್ತಿದ್ದರು. "ಮೊದಲು ಊಟ ಮಾಡಿ" ಅನ್ನುತ್ತಿದ್ದೆ.

ಸ್ವಲ್ಪ ದಿನವೆಂದು ಹೋದವರು ವರ್ಷಗಳೇ ಉಳಿದೆವು. ಇವರ ಎದೆ ನೋವು ಶುರುವಾದ ಮೇಲೆ ಕೋಲಾರಕ್ಕೆ ಮರಳಿದೆವು. ಆಗ ಆ ಸಭೆಗೆ ಎಳೆ ಪ್ರಾಯದ ಪಾದ್ರಿಯೊಬ್ಬರು ಹೋದರು. ಒಮ್ಮೆ ಮನೆಗೆ ಬಂದು ಕಾಫಿ ಕುಡಿಯುತ್ತಾ ಕೇಳಿದರು: "ಸಾರ್, ಒಂದು ಡೌಟು. ಆ ಊರಲ್ಲಿ ಟ್ರಾಕ್ಟರ್ ತರ್ಲಿ, ಸೈಕಲ್ ತರ್ಲಿ, ಹಿಂದೆ ನಿಂತೇ ಪ್ರಾರ್ಥನೆ ಮಾಡ್ಬೇಕಂತಾರೆ. ಮುಂದೆ ಹೋದ್ರೆ ಕೈ ಹಿಡಿದು ಹಿಂದಕ್ಕೆ ಕರ್ಕೊಂಡು ಬರ್ತಾರೆ. ಇದು ಯಾವ ಕ್ರಮ ಸಾರ್?" ಇವರು ಲೋಟದೊಳಗೇ ಮುಖ ಇಟ್ಟುಕೊಂಡು, "ಹಳೇ ಕ್ರಮ ಇರ್ಬೇಕಪ್ಪ" ಎಂದರು. ನಾನು ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ತೀರಿಕೊಳ್ಳುವ ಮೊದಲು ಇವರು ಒಂದು ಮಾತು ಹೇಳಿದ್ದರು, ನನ್ನನ್ನು ಆ ಹಳ್ಳಿಯಲ್ಲೇ ಮಣ್ಣು ಮಾಡಿ ಎಂದು. ಹುಟ್ಟಿದ್ದು ಕೋಲಾರ, ಅಪ್ಪ ಅಮ್ಮನ ಸಮಾಧಿ ಇರುವುದು ಕೋಲಾರ. ಅಲ್ಲಿಗೆ ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಇವರು ತೀರಿಕೊಂಡ ಬೆಳಗ್ಗೆ ನನ್ನ ತಮ್ಮ ವ್ಯಾನು ಗೊತ್ತುಮಾಡಲು ಹೊರಟಿದ್ದ. ಅಷ್ಟರಲ್ಲಿ ಹಳ್ಳಿಗೆ ಸುದ್ದಿ ಮುಟ್ಟಿ ಆ ಟೆಂಪೋವೇ ಸಭೆಯವರನ್ನು ತುಂಬಿಕೊಂಡು ಬಂದು ಬಾಗಿಲಿಗೆ ನಿಂತಿತು. ಒಳಗೆ ಹುಲ್ಲು ಹಾಸಿ, ಅದರ ಮೇಲೆ ಹೊಸ ಚಾಪೆ ಹಾಕಿ ತಂದಿದ್ದರು. ಗಾಡಿಯ ಮುಂದಕ್ಕೆ ಹೋದ ನನ್ನ ತಮ್ಮ ಅಲ್ಲಿಂದಲೇ ಕೂಗಿದ. "ಅಕ್ಕಾ, ಒಂದು ಬಕೆಟ್ ನೀರು ಕೊಡು. ಇದನ್ನ ತೊಳೀಬೇಕು." ಹೋಗಿ ನೋಡಿದೆ. ಹಸಿ ಅರಿಶಿನ, ಹಸಿ ಕುಂಕುಮ, ಹೊಸ ನಿಂಬೆಹಣ್ಣು.

ಡ್ರೈವರಪ್ಪನ ಕಣ್ಣು ಕೆಂಪಾಗಿತ್ತು. "ನಮ್ಮಮ್ಮ ಹಚ್ಚಿದ್ದು ಅಮ್ಮಾ. ಎದ್ದು ನಿಲ್ಲಕ್ಕಾಗಲ್ಲ ಅವಳಿಗೆ. ನನ್ ಹೆಂಡ್ತಿ ಕೈಲಿ ಎತ್ತಿಸ್ಕೊಂಡು ಬಂದು ಹಚ್ಚಿದ್ಳು. ಅಯ್ಯಗಾರು ಹೋಗೋ ದಾರೀಲಿ ತೊಂದ್ರೆ ಆಗ್ದಿರ್ಲಿ ಅಂತ."

ನನ್ನ ತಮ್ಮ ತಾನೇ ಒಂದು ಬಕೆಟ್ ತಂದು ಹಿಡಿದು ನನ್ನನ್ನೇ ನೋಡುತ್ತಿದ್ದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಇವರಿದ್ದಿದ್ದರೆ ಏನು ಹೇಳುತ್ತಿದ್ದರು? ತೊಳೀರಿ ಅನ್ನುತ್ತಿದ್ದರೋ, ಬಿಡಿ ಅನ್ನುತ್ತಿದ್ದರೋ? ಒಳಗೆ ಮಲಗಿದ್ದವರನ್ನೇ ಹೋಗಿ ಕೇಳೋಣ ಅನ್ನಿಸಿ ಎದೆ ಒಡೆದುಹೋಯಿತು.

"ಬಕೆಟ್ ಕೆಳಗಿಡೋ. ಎಲ್ರೂ ಹಿಂದಕ್ಕೆ ಬನ್ನಿ" ಎಂದೆ.

ಇವರನ್ನು ಎತ್ತಿ ಮಲಗಿಸಿದರು. ಎಲ್ಲರೂ ಟೆಂಪೋದ ಹಿಂದೆ ಗುಂಪಾಗಿ ನಿಂತರು, ಎಳೆಯ ಪಾದ್ರಿ ಕೂಡ ಯಾರೂ ಕೈ ಹಿಡಿದು ಕರೆಯದೆಯೇ ಹಿಂದಕ್ಕೆ ಹೋಗಿ ಹಲಗೆಯ ಮೇಲೆ ಕೈಯಿಟ್ಟರು. ನಾನೂ ಅಲ್ಲಿಗೇ ಹೊರಟಿದ್ದೆ. ಆದರೆ ಮುಂದೆ ಆ ಮುದುಕಿಯ ಕುಂಕುಮದ ಹತ್ತಿರ ಒಬ್ಬರೂ ಇರಲಿಲ್ಲ. ಅದನ್ನು ಹಾಗೆ ಒಂಟಿಯಾಗಿ ಬಿಟ್ಟು ಹಿಂದಕ್ಕೆ ಹೋಗಲು ಕಾಲು ಬರಲಿಲ್ಲ. ಬಾಗಿಲ ಪಕ್ಕದಲ್ಲಿ, ಅಂದು ಡ್ರೈವರಪ್ಪ ನಿಂತಿದ್ದ ಜಾಗದಲ್ಲೇ, ತಲೆ ತಗ್ಗಿಸಿ ನಿಂತುಬಿಟ್ಟೆ. ಪ್ರಾರ್ಥನೆ ಮುಗಿದ ಮೇಲೆ ಅವನು ಕುಂಟುತ್ತಾ ಬಂದು ಬಾಗಿಲು ತೆಗೆದು, "ಹತ್ತಮ್ಮಾ" ಎಂದ.