‘ಆಯಿ’ ಎಂದರೆ ಯಾರು?

೧೯೩೧ರಲ್ಲಿ ನಾನು ಪುಣೆಯ ಎಜುಕೇಶನಲ್ ಇನ್ಸ್‌ಪೆಕ್ಟರರ ಕಚೇರಿಯಲ್ಲಿ ಸಹಾಯಕನಾಗಿದ್ದೆ. ಶಾಲೆಗಳನ್ನು ನೋಡಿ ವರದಿ ಬರೆಯುವುದು ನನ್ನ ಕೆಲಸ. ಧಾರವಾಡದ ಕಡೆಯವನಾದ್ದರಿಂದ ಕನ್ನಡದ ಕಾಗದಗಳೆಲ್ಲ ನನ್ನ ಮೇಜಿಗೇ ಬರುತ್ತಿದ್ದವು. ಆ ಮಳೆಗಾಲದಲ್ಲಿ ಹಾಗೆ ಬಂದ ಒಂದು ತಕರಾರು ಅರ್ಜಿಯ ಸಂಗತಿ ಇದು.

ಅರ್ಜಿದಾರರು ಶಂಕ್ರೆಪ್ಪ. ವಿಜಾಪುರದ ಕಡೆಯವರು, ರವಿವಾರ ಪೇಠೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರು. ಐದು ವರ್ಷದ ಮಗಳು ಗಂಗವ್ವನನ್ನು ಹತ್ತಿರದ ಮಿಶನ್ ಹೆಣ್ಣುಮಕ್ಕಳ ಶಾಲೆಯ ಬಾಲವರ್ಗಕ್ಕೆ ಸೇರಿಸಿದ್ದರು. ಶಾಲೆಯಿಂದ ಅವರಿಗೆ ಮರಾಠಿಯಲ್ಲಿ ಒಂದು ಪತ್ರ ಬಂದಿತ್ತು: ‘ತಾಯಿಯಿಲ್ಲದ ಈ ಮಗುವನ್ನು, ತಾವು ಒಪ್ಪಿದರೆ, ನಮ್ಮ ವಸತಿಗೃಹದಲ್ಲಿ ಇಟ್ಟುಕೊಳ್ಳುತ್ತೇವೆ.’ ತಾಯಿ ಬಸವ್ವ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದರು. ಸುಳ್ಳು ಬರೆದು ಮಗುವನ್ನು ತಮ್ಮ ಮತಕ್ಕೆ ಸೇರಿಸಿಕೊಳ್ಳುವ ಹಂಚಿಕೆ ಇದು ಎಂದು ಶಂಕ್ರೆಪ್ಪ ದೂರಿದ್ದರು.

ಬಾಲವರ್ಗದಿಂದ ಮೇಲೇರುತ್ತ ಬಂದಿದ್ದ ಆ ಶಾಲೆ ಅದೇ ವರ್ಷ ಮೊದಲ ಸಲ ಮ್ಯಾಟ್ರಿಕ್ ತರಗತಿ ತೆರೆದು ಇಲಾಖೆಯ ಮಾನ್ಯತೆಗೆ ಕಾದಿತ್ತು. ದೂರು ನಿಜವಾದರೆ ಮಾನ್ಯತೆ ಸಿಗುವುದಿಲ್ಲ. ಸಿಗದಿದ್ದರೆ ಆ ತರಗತಿಯ ಏಳು ಹುಡುಗಿಯರ ಓದು ಅಲ್ಲಿಗೇ ನಿಲ್ಲುತ್ತಿತ್ತು. ಅವರನ್ನು ಹುಡುಗರ ಶಾಲೆಗಾಗಲಿ ದೂರದ ಬೇರೆ ಹೆಣ್ಣುಮಕ್ಕಳ ಶಾಲೆಗಾಗಲಿ ಕಳಿಸಲು ಮನೆಯವರು ತಯಾರಿರಲಿಲ್ಲ.

ವಿಚಾರಣೆಗೆ ಹೋದೆ. ಮುಖ್ಯೋಪಾಧ್ಯಾಯಿನಿ ಸುಶೀಲಾಬಾಯಿ ಮರಾಠಿ ಕ್ರೈಸ್ತ ಮನೆತನದವರು. ಪಠ್ಯಕ್ರಮವನ್ನು ತಾವೇ ತೋರಿಸಿದರು. ನಾನು ನೋಡಿದ ಶಾಲೆಗಳಲ್ಲಿ ಅಂಥದ್ದು ಇರಲಿಲ್ಲ. ಬಾಲವರ್ಗಕ್ಕೆ ಪುಸ್ತಕವೇ ಇಲ್ಲ. ಮಗು ತನ್ನ ಮನೆಯ ವಿಷಯ ಹೇಳುತ್ತದೆ, ಶಿಕ್ಷಕಿ ಅದನ್ನು ‘ಮನೆಯ ವಹಿ’ಯಲ್ಲಿ ಬರೆಯುತ್ತಾಳೆ. ಆ ವಹಿ ಮಗುವಿನ ಜೊತೆ ಮ್ಯಾಟ್ರಿಕ್‌ವರೆಗೂ ಹೋಗುತ್ತದೆ. ಮನೆಯಾದ ಮೇಲೆ ಓಣಿ, ಆಮೇಲೆ ಪೇಠೆ, ಜಿಲ್ಲೆ. ಚಿಕ್ಕವರಿದ್ದಾಗ ಹೆಜ್ಜೆ ಹಾಕಿ ಅಳೆದ ಅಂಗಳ ಹೈಸ್ಕೂಲಿನಲ್ಲಿ ರೇಖಾಗಣಿತದ ಪಾಠವಾಗುತ್ತದೆ; ಓಣಿಯ ನಳದ ನೀರು ಆರೋಗ್ಯಶಾಸ್ತ್ರವಾಗುತ್ತದೆ. ಬೈಬಲ್ ತಾಸಿನಲ್ಲಿ, ಬೇಡವೆಂದು ತಂದೆತಾಯಿ ಬರೆದುಕೊಟ್ಟ ಮಕ್ಕಳು ತೋಟಕ್ಕೆ ಹೋಗುತ್ತಾರೆ. ಗಂಗವ್ವನ ಹೆಸರು ತೋಟದ ಪಟ್ಟಿಯಲ್ಲೇ ಇತ್ತು.

ಆಕೆಯ ವಹಿ ತೆರೆದೆ. ಮೊದಲ ಪುಟದಲ್ಲಿ ಮರಾಠಿಯಲ್ಲಿ ಬರೆದಿತ್ತು: ‘ಆಯಿ ತೀರಿಕೊಂಡಿದ್ದಾಳೆ.’ ಕೂಡಲೇ ಮಗುವನ್ನು ಕರೆಸಿ ಕನ್ನಡದಲ್ಲಿ ಕೇಳಿದೆ.

“ನಿಮ್ಮ ಆಯಿ ಎಲ್ಲಿದ್ದಾಳವಾ?”

“ಸತ್ತಾಳ್ರಿ.”

“ಮತ್ತ ಅವ್ವ?”

“ಮನ್ಯಾಗ ರೊಟ್ಟಿ ಬಡಿಯಾಕತ್ತಾಳ,” ಎಂದಳು. ಇಷ್ಟೂ ತಿಳಿಯದ ಮನುಷ್ಯ ಯಾರಿವನು ಎಂಬಂತೆ ನನ್ನನ್ನು ನೋಡಿದಳು.

ಮರಾಠಿಯಲ್ಲಿ ಆಯಿ ಎಂದರೆ ತಾಯಿ. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಹಿಂದಿನ ವರ್ಷ ತೀರಿಕೊಂಡವರು ಶಂಕ್ರೆಪ್ಪನವರ ತಾಯಿ.

ಸುಶೀಲಾಬಾಯಿಯವರಿಗೆ ಇದನ್ನು ಮರಾಠಿಯಲ್ಲಿ ತಿಳಿಸಿದೆ. ಅವರು ಹೇಳಿದರು: “ಮಗು ಸರಿಯಾಗಿಯೇ ಹೇಳಿದೆ ಸಾಹೇಬ್. ಮನೆಯವರನ್ನು ಒಂದು ಮಾತು ಕೇಳದೆ ನಾವು ಬರೆದುಕೊಂಡೆವು. ವರದಿಯಲ್ಲಿ ಹಾಗೆಯೇ ಹಾಕಿ.”

ಮ್ಯಾಟ್ರಿಕ್ ತರಗತಿಯ ಮಾನ್ಯತೆಗೆ ಇದು ತೊಡಕಾಗಬಹುದು ಎಂದೆ. “ಆದರೂ ಹಾಕಿ,” ಎಂದರು. ಸಂಜೆ ನನ್ನ ಜೊತೆ ಶಂಕ್ರೆಪ್ಪನವರ ಮನೆಗೆ ತಾವೇ ಹೊರಟರು.

ಶಂಕ್ರೆಪ್ಪ ಬಾಗಿಲಲ್ಲೇ ತಡೆದರು. “ಬರ್ರಿ ಬಾಯಿಯವರ. ಜೀವಂತ ಇದ್ದಾಕಿನ್ನ ಕಾಗದದಾಗ ಕೊಂದ್ರಿ. ಇನ್ನ ನನಗ ಕನ್ಯಾನೂ ನೀವ ನೋಡ್ತೀರೇನು?”

ಒಳಗಿನಿಂದ ಬಸವ್ವನ ದನಿ ಬಂತು: “ಕನ್ಯಾ ಆಮ್ಯಾಲೆ ನೋಡೀರಂತ. ಸತ್ತಾಕಿ ಚಹಾ ಮಾಡ್ಯಾಳ, ಆರಿ ಹೋಗ್ತದ. ಮೊದಲ ಅವರನ್ನ ಒಳಗ ಕರೀರಿ.”

ಸುಶೀಲಾಬಾಯಿ ಬಸವ್ವನಿಗೆ ಕೈಮುಗಿದು ಕ್ಷಮೆ ಕೇಳಿದರು. ತಪ್ಪು ಹೇಗಾಯಿತೆಂದು ನಾನು ವಿವರಿಸಿದೆ. ವಹಿಯ ಆ ಸಾಲನ್ನು ಅವರೆದುರಿಗೇ ಹೊಡೆದುಹಾಕಿ, ಮನೆಯಲ್ಲಿ ಯಾರಿಗೆ ಏನೆಂದು ಕರೆಯುತ್ತೀರಿ ಎಂದು ಸುಶೀಲಾಬಾಯಿ ಕೇಳಿದರು. ಬಸವ್ವ ಹೇಳುತ್ತ ಹೋದರು, ನಾನು ಮರಾಠಿಯಲ್ಲಿ ತಿಳಿಸುತ್ತ ಹೋದೆ.

ಶಂಕ್ರೆಪ್ಪನವರ ಬಿಗುವು ಸಡಿಲಾಯಿತು. “ಅರ್ಜಿ ಹಿಂದ ತಗೊಳ್ಳಲೇನ್ರಿ?” ಎಂದು ನನ್ನನ್ನು ಕೇಳಿದರು. ಬೇಡ, ಈಗ ತಿಳಿದದ್ದನ್ನು ಅದರ ಕೆಳಗೇ ಬರೆಯಿರಿ ಎಂದೆ. ‘ಮಾತು ತಿಳಿಯದೆ ಆದ ತಪ್ಪು, ಮೋಸವಲ್ಲ. ಮಗಳು ಅದೇ ಶಾಲೆಗೆ ಹೋಗುತ್ತಾಳೆ’ ಎಂದು ಬರೆದು ಸಹಿ ಮಾಡಿದರು. ನನ್ನ ವರದಿಯಲ್ಲಿ ಶಾಲೆಯ ತಪ್ಪನ್ನೂ ಅದನ್ನು ತಿದ್ದಿದ ರೀತಿಯನ್ನೂ ಇದ್ದಂತೆ ದಾಖಲಿಸಿ ಮಾನ್ಯತೆಗೆ ಶಿಫಾರಸು ಮಾಡಿದೆ.

ಮಾನ್ಯತೆ ಬಂತು. ಏಳೂ ಹುಡುಗಿಯರು ಪರೀಕ್ಷೆಗೆ ಕೂತರು. ಐವರು ಆ ವರ್ಷವೇ ಪಾಸಾದರು, ಇನ್ನಿಬ್ಬರು ಮರುವರ್ಷ. ಮುಂದಿನ ಜೂನ್‌ನಲ್ಲಿ ನಾನು ಹೋದಾಗ ಪಠ್ಯಕ್ರಮದಲ್ಲಿ ಹೊಸದೊಂದು ಸಾಲು ಸೇರಿತ್ತು: ಬಾಲವರ್ಗದ ಮೊದಲ ವಾರ ವಹಿ ಬರೆಯುವಾಗ ಮನೆಯವರೊಬ್ಬರು ಮಗುವಿನ ಪಕ್ಕದಲ್ಲಿ ಕೂತಿರಬೇಕು. ತನ್ನ ತಪ್ಪನ್ನೇ ಪಠ್ಯಕ್ರಮದ ಭಾಗ ಮಾಡಿಕೊಂಡ ಇನ್ನೊಂದು ಶಾಲೆಯನ್ನು ನಾನು ನೋಡಲಿಲ್ಲ.

ಅಲ್ಲಿಯವರೆಗೆ ಮಕ್ಕಳ ಉತ್ತರ ಸರಿಯೋ ತಪ್ಪೋ ಎಂದಷ್ಟೇ ನಾನು ಗುರುತು ಹಾಕುತ್ತಿದ್ದೆ. ಆಮೇಲಿನ ವರ್ಷಗಳಲ್ಲಿ ಉತ್ತರ ತಪ್ಪೆನಿಸಿದಾಗಲೆಲ್ಲ ಪೆನ್ಸಿಲ್ ಕೆಳಗಿಟ್ಟು, ಆ ಮಾತಿಗೆ ನಿಮ್ಮ ಮನೆಯಲ್ಲಿ ಏನರ್ಥ ಎಂದು ಮಗುವನ್ನೇ ಕೇಳುತ್ತಿದ್ದೆ.