ಬಂಡೆಯ ಮರೆ

"ಬಂಡೆ ಬಿತ್ತು ಅತ್ಗೆ," ಎಂದ ತಿಪ್ಪಯ್ಯ.

ತಾಳ್ಯದ ಮನೆಯಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದ ಕಾಳಕ್ಕ ತಲೆ ಎತ್ತಿದಳು. ಗಂಡ ಹಾಲಸ್ವಾಮಿಯ ಜೊತೆ ಹಿಮಾಲಯದ ರಸ್ತೆ ಕೆಲಸಕ್ಕೆ ಹೋದ ಮೈದುನ ಒಬ್ಬನೇ ಬಂದು ನಿಂತಿದ್ದ. ಕೈಯಲ್ಲಿ ಹಾಲಸ್ವಾಮಿಯ ಕಂಬಳಿ.

"ಬಂಡೆ ಎಲ್ಲಾನ ಬೀಳ್ತೈತೇನೋ? ಮಳೆ ಬೀಳ್ತೈತೆ, ಮರ ಬೀಳ್ತೈತೆ. ಸರಿಯಾಗಿ ಹೇಳು, ನಿಮ್ಮಣ್ಣ ಎಲ್ಲಿ?"

ತಿಪ್ಪಯ್ಯ ಅದನ್ನೇ ಇನ್ನೊಮ್ಮೆ ಹೇಳಿದ.

ಹಾಲಸ್ವಾಮಿ ಕಲ್ಲನ್ನು ನಂಬಿ ಬೆಳೆದವನು. ಕುರಿ ಕಾಯಲು ಹೋಗಿದ್ದ ತಾಯಿ ಬರಗೇರಮ್ಮ ಅವನನ್ನು ಹೆತ್ತದ್ದೇ ಊರಾಚೆಯ ದೊಡ್ಡ ಬಂಡೆಯ ಕೆಳಗೆ. ಆಲಿಕಲ್ಲು ಬಿದ್ದರೆ ಕುರಿಗಳನ್ನು ಅದರ ಮರೆಗೆ ಸೇರಿಸುವುದು ತಾತನ ಕಾಲದ ರೂಢಿ. ಹಾಲಸ್ವಾಮಿ "ಬಂಡೆ ಮರೆಗೆ!" ಎಂದು ಕೂಗಿದರೆ ಸಾಕು, ಮಂದೆಗೆ ಮಂದೆಯೇ ಓಡುತ್ತಿತ್ತು. ದೊಡ್ಡವನಾದ ಮೇಲೆ ದುರ್ಗದ ಕಡೆ ಕಲ್ಲು ಒಡೆಯುವುದನ್ನು ಕಲಿತ. ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿಯೇ ಕಲ್ಲು ಎಲ್ಲಿ ಸೀಳುತ್ತದೆಂದು ಹೇಳುತ್ತಿದ್ದ. ಅದನ್ನು ನೋಡಿಯೇ ಹಿರಿಯೂರಿನ ಇಂಜಿನಿಯರ್ ಪಂಚಾಕ್ಷರಪ್ಪ ಅಣ್ಣತಮ್ಮ ಇಬ್ಬರನ್ನೂ ಹಿಮಾಲಯದ ಕಿನ್ನೌರಿಗೆ ಕರೆದೊಯ್ದಿದ್ದರು.

ಅಲ್ಲಿ ಒಂದು ದಿನ ಅವರು ಬಿಡಿಸಿ ಹೇಳಿದ್ದರಂತೆ. ನಮ್ಮ ದೇಶ ನಿಂತ ನೆಲ ಒಂದು ದೊಡ್ಡ ಚಪ್ಪಡಿ. ಕೋಟ್ಯಂತರ ವರ್ಷ ತೆವಳಿ ಬಂದು ಉತ್ತರದ ಚಪ್ಪಡಿಗೆ ಗುದ್ದಿತು. ನಡುವೆ ಸಿಕ್ಕ ನೆಲ ಮಡಿಕೆ ಮಡಿಕೆಯಾಗಿ ಎದ್ದು ಹಿಮಾಲಯವಾಯಿತು.

"ನಮ್ಮ ತಾಳ್ಯಾನೂ ಆ ಚಪ್ಪಡಿ ಮ್ಯಾಲೇ ಐತೇನ್ರಿ?" ಎಂದಿದ್ದ ಹಾಲಸ್ವಾಮಿ.

"ಐತೆ ಕಣಪ್ಪ."

"ಹಂಗಾದ್ರೆ ಗೆದ್ದಿದ್ದು ನಮ್ಮ ಟಗರೇ ಬಿಡ್ರಿ!"

"ಗೆದ್ದಿಲ್ವೋ, ಇನ್ನೂ ಗುದ್ತಾನೇ ಐತೆ. ಉಗುರು ಬೆಳೆದಷ್ಟು ಮೆಲ್ಲಗೆ. ಬಿಗಿ ತಡೀಲಾರದ ದಿನ ನೆಲ ನಡುಗ್ತೈತೆ. ಇಲ್ಲಿ ಬೆಟ್ಟ ಇನ್ನೂ ಎಳೇವು, ನಂಬಬ್ಯಾಡ."

"ಎಳೇವಂತೆ! ಹಾಲು ಕುಡಿಸ್ಲೇನ್ರಿ?" ಎಂದು ಹಾಲಸ್ವಾಮಿ ನಕ್ಕಿದ್ದ.

ಎಪ್ಪತ್ತೈದರ ಜನವರಿ. ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ನೆಲ ನಡುಗಿತು. ಅಲ್ಲಿಯ ಕೂಲಿಗಳೆಲ್ಲ ಬೆಟ್ಟ ಬಿಟ್ಟು ಬಯಲಿಗೆ ಓಡಿದರು. ಹಾಲಸ್ವಾಮಿಯೊಬ್ಬ ಬೆಟ್ಟದ ಬುಡದ ದೊಡ್ಡ ಬಂಡೆಯತ್ತ ಓಡಿದ. "ಬಂಡೆ ಮರೆಗೆ ಬಾರ್ಲೇ ತಿಪ್ಪಾ!" ಎಂದು ಕೂಗಿದ. ತಿಪ್ಪಯ್ಯನೂ ಎದ್ದು ಅವನ ಹಿಂದೆಯೇ ಹೊರಟಿದ್ದ. ನೆಲ ಜಾಡಿಸಿ ತಿಪ್ಪಯ್ಯನನ್ನು ಕೆಡವಿತು. ತಲೆ ಎತ್ತುವಷ್ಟರಲ್ಲಿ ಬರೀ ಧೂಳು. ಬಂಡೆ ಇದ್ದ ಜಾಗದಲ್ಲಿ ಬಂಡೆ ಇರಲಿಲ್ಲ. ಹಾಲಸ್ವಾಮಿಯೂ ಇರಲಿಲ್ಲ.

ಕಾಳಕ್ಕ ಅಳಲಿಲ್ಲ. "ನಿಮ್ಮಣ್ಣ ಉಂಡಿದ್ರಾ?" ಎಂದಳು.

"ಅರ್ಧ."

ಮರಿ ಅವಳ ಬೆರಳು ಚೀಪುತ್ತಲೇ ಇತ್ತು.

ಏಪ್ರಿಲ್‌ನಲ್ಲಿ ಆಲಿಕಲ್ಲು ಬಿತ್ತು. ಯಾರೂ ಕೂಗದಿದ್ದರೂ ಕುರಿಗಳು ಊರಾಚೆಯ ಬಂಡೆಯ ಕೆಳಗೆ ನುಗ್ಗಿದವು. ಕಾಳಕ್ಕ ಹೊರಗೇ ನಿಂತು, ಒಂದೊಂದನ್ನೇ ಕಾಲು ಹಿಡಿದು ಈಚೆಗೆ ಎಳೆಯತೊಡಗಿದಳು.

"ಒಳಗ್ ಬಾ ಅತ್ಗೆ! ಕುರಿ ಸಾಯ್ತಾವೆ!" ಒಳಗಿಂದ ತಿಪ್ಪಯ್ಯ ಕೂಗಿದ. "ಅದು ಆ ಕಡೆ ಬಂಡೆ. ಇದು ನಮ್ದು!"

"ನಿಮ್ಮಣ್ಣಾನೂ ನಮ್ದು ಅನ್ಕಂಡೇ ಹೋಗಿದ್ದು ಕಣೋ."

ಎಳೆದ ಕುರಿ ಕೊಸರಿಕೊಂಡು ಮತ್ತೆ ಒಳಗೇ ಓಡಿತು. ಅವಳು ಗಂಡನ ಕಂಬಳಿಯನ್ನು ತಲೆಗೆ ಹಾಕಿಕೊಂಡು ಬಯಲಲ್ಲೇ ನಿಂತಳು. ಆಲಿಕಲ್ಲು ಬೀಳುತ್ತಲೇ ಇತ್ತು. ಬಂಡೆಯ ಬುಡದಿಂದ ಅವಳು ಕಣ್ಣು ಕೀಳಲಿಲ್ಲ.